ಅಪ್ಪನ ಹದಿಮೂರು ಟೀ ಶರ್ಟು, ಮಗಳ ಒಂದು ಬೊಂತೆ

ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ ಬೀದಿಗಳಿಗೆ ಹೊಸಬರಲ್ಲ. ಜರಿ ಸೀರೆ ತೋರಿಸಿದರೆ ತಲೆ ಮೇಲಿನ ಬುಟ್ಟಿ ತಾನಾಗಿ ಕೆಳಗಿಳಿಯುತ್ತದೆ. ಪ್ಯಾಂಟು ಕೊಟ್ಟರೆ ಹಿಂದೆ ಮುಂದೆ ತಿರುಗಿಸಿ, ಮೊಣಕಾಲ ಭಾಗವನ್ನು ಬೆಳಕಿಗೆ ಹಿಡಿದು, ಒಂದು ಲೋಟಕ್ಕೆ ವ್ಯಾಪಾರ ಮುಗಿಸುತ್ತಾರೆ. ಟೀ ಶರ್ಟು ತಂದಿಟ್ಟರೆ ಮಾತ್ರ ಮುಖ ಸಿಂಡರಿಸುತ್ತಾರೆ. "ಇದನ್ನ ಯಾರು ತಗೋತಾರಕ್ಕಾ? ಗ್ಯಾರೇಜಿಗೆ ಕೊಡಿ, ಕೈ ಒರೆಸ್ಕೊಳ್ಳೋಕೆ ಆಯ್ತದೆ."

ಮಾತು ಸುಳ್ಳಲ್ಲ. ಮಾರುಕಟ್ಟೆಯಲ್ಲಿ ಹಳೇ ಟೀ ಶರ್ಟಿನ ಗತಿ ಅಷ್ಟೇ. ಮೊದಲು ರಾತ್ರಿ ಮಲಗೋ ಅಂಗಿ, ಆಮೇಲೆ ನೆಲ ಒರೆಸೋ ಬಟ್ಟೆ, ಕೊನೆಗೆ ಗ್ರೀಸ್ ಮೆತ್ತಿದ ಚಿಂದಿ.

ಆದರೆ ಮಾರಿಕುಪ್ಪಂನ ಒಂದು ಲೈನ್ ಮನೆಯಲ್ಲಿ ಹದಿಮೂರು ಟೀ ಶರ್ಟುಗಳು ಎರಡು ವರ್ಷ ಬೀರುವಿನಿಂದ ಹೊರಗೇ ಬರಲಿಲ್ಲ. ಗ್ಯಾರೇಜಿಗೂ ಹೋಗಲಿಲ್ಲ, ಯಾರ ಮೈ ಮೇಲೂ ಏರಲಿಲ್ಲ. ಅವುಗಳ ಯಜಮಾನ ತೀರಿಹೋಗಿದ್ದರು. ಮಗಳಿಗೆ ಇಪ್ಪತ್ತೆರಡು. ಸೂಜಿಗೆ ದಾರ ಪೋಣಿಸುವುದು ಬಿಟ್ಟರೆ ಹೊಲಿಗೆಯ ಗಂಧ ಗಾಳಿ ಗೊತ್ತಿಲ್ಲ. ಒಂದು ದಿನ ಆ ಗಂಟು ಎತ್ತಿಕೊಂಡು ಎರಡು ಲೈನ್ ಆಚೆ ಇರುವ ಟೈಲರ್ ಅಕ್ಕನ ಮನೆಗೆ ಹೋದಳು.

"ಅಕ್ಕಾ, ಇದರಲ್ಲಿ ಒಂದು ಹೊದಿಕೆ ಹೊಲಿದು ಕೊಡ್ತೀರಾ? ಎಷ್ಟಾಗುತ್ತೆ?"

ಅಕ್ಕ ಗಂಟು ಬಿಚ್ಚಿ ನೋಡಿದರು. ಒಂದೊಂದೇ ಮಡಿಸಿ ಮತ್ತೆ ಗಂಟು ಕಟ್ಟಿದರು. "ನಾನು ಹೊಲಿಯಾಕಿಲ್ಲ ಕಣಮ್ಮ. ನೀನು ಹೊಲಿ, ನಾನು ಪಕ್ಕದಾಗೆ ಕೂತ್ಕಂತೀನಿ."

ಇಬ್ಬರೂ ಹೆಸರು ಹಾಕಬೇಡಿ ಎಂದಿದ್ದಾರೆ. ಹಾಕುವುದಿಲ್ಲ.

ಗಣಿಯಲ್ಲಿ ಅಂಗಿಯೇ ಇರಲಿಲ್ಲ

ಮಾರಿಕುಪ್ಪಂ ಎಂದರೆ ರೈಲಿನ ಕೊನೆ ಸ್ಟೇಷನ್ನು. ಬಂಗಾರಪೇಟೆಯಲ್ಲಿ ಕವಲೊಡೆದ ಹಳಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಸುಮಾರು 16 ಕಿಲೋಮೀಟರಿಗೆ ಇಲ್ಲಿ ಬಂದು ನಿಲ್ಲುತ್ತದೆ. ಚಿನ್ನಕ್ಕಾಗಿ ಹಾಕಿದ ಹಳಿ ಇದು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಾಗಿನಿಂದ 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕುವವರೆಗೆ ಇಲ್ಲಿಂದ ಹೊರಟದ್ದು ಚಿನ್ನ. ಆಮೇಲೆ ಹೊರಡುತ್ತಿರುವುದು ಜನ. ಬೆಳಗಿನ ಜಾವ ಬುತ್ತಿ ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ಸು ಬರುವ ಸಾವಿರಾರು ಜನರ ಪೈಕಿ ನಮ್ಮ ಓದುಗರೂ ಇದ್ದೀರಿ, ನಿಮಗೆ ನಾವು ಹೇಳುವುದೇನಿದೆ!

ಈ ಹುಡುಗಿಯ ತಾತ ಗಣಿ ಕಾರ್ಮಿಕ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಮೀರಿದ ಆಳ. ಅಷ್ಟು ಕೆಳಗೆ ಬಂಡೆಯೇ 60 ಡಿಗ್ರಿ ಮೀರಿ ಕಾಯುತ್ತಿತ್ತು. ಬನೀನು ಕೂಡ ಭಾರ ಅನ್ನಿಸುವ ಜಾಗ. ತಾತ ಬಿಟ್ಟುಹೋದದ್ದು ಒಂದು ಟೋಪಿ, ಒಂದು ಕೆಮ್ಮು, ಒಂದಿಷ್ಟು ಕಥೆ. ಅಂಗಿ ಅನ್ನುವಂಥದ್ದು ಏನೂ ಉಳಿಯಲಿಲ್ಲ.

ಅಪ್ಪನ ಕಾಲಕ್ಕೆ ಗಣಿ ಇಲ್ಲ. ಇಪ್ಪತ್ತು ವರ್ಷದ ಹತ್ತಿರ ರೈಲಿನಲ್ಲಿ ಓಡಾಡಿದರು. ನಾಲ್ಕು ಕಡೆ ಕೆಲಸ, ನಾಲ್ಕು ಕಂಪನಿ ಹೆಸರಿನ ನಾಲ್ಕು ಟೀ ಶರ್ಟು. ಲೈನ್ ಹುಡುಗರ ಫುಟ್‌ಬಾಲ್ ಪಂದ್ಯಕ್ಕೆ ಹೊಲಿಸಿದ್ದು ಮೂರು. ರಕ್ತದಾನ ಶಿಬಿರದ್ದೊಂದು. ಮಗಳ ಸ್ಕೂಲಿನ ಕ್ರೀಡಾ ದಿನಕ್ಕೆ ಅಪ್ಪಂದಿರಿಗೂ ಕೊಟ್ಟದ್ದೊಂದು. 'ಗೋವಾ' ಎಂದು ಬರೆದದ್ದೊಂದು, ಗೋವಾ ಅವರು ನೋಡಿಲ್ಲ. ಕ್ರಿಕೆಟ್ಟಿನ ನೀಲಿಯದೊಂದು. ಚುನಾವಣೆಯಲ್ಲಿ ಹಂಚಿದ್ದೊಂದು, ಆ ಪಾರ್ಟಿಗೆ ಅವರು ಓಟು ಹಾಕಿಲ್ಲ ಎಂದು ಹೆಂಡತಿ ಆಣೆ ಮಾಡುತ್ತಾರೆ. ಕೊನೆಯದು ಏನೂ ಬರೆಯದ ಬಿಳಿ ಕಾಲರ್ ಟೀ ಶರ್ಟು, ಮನೆಯಲ್ಲಿ ಹಾಕಿಕೊಳ್ಳುತ್ತಿದ್ದದ್ದು.

ಗಣಿ ಮುಚ್ಚಿದ ಮೇಲಿನ ಕೆ.ಜಿ.ಎಫ್. ಚರಿತ್ರೆ ಬರೆಯಬೇಕೆಂದು ಯಾರಿಗಾದರೂ ಆಸೆ ಇದ್ದರೆ ಕಚೇರಿ ಕಡತ ಬಿಟ್ಟು ಇಂಥ ಬೀರುಗಳನ್ನು ನೋಡುವುದು ಒಳ್ಳೆಯದು.

ಬೊಂತೆ ಹೊಸ ಫ್ಯಾಷನ್ನಲ್ಲ

ಟೀ ಶರ್ಟಿನಲ್ಲಿ ನೆನಪಿನ ಹೊದಿಕೆ ಹೊಲಿಯುವುದು ಅಮೆರಿಕದವರ ಅಭ್ಯಾಸ ಎಂದು ಹುಡುಗಿ ಫೋನಿನಲ್ಲಿ ನೋಡಿದ್ದಳಂತೆ. ಇರಬಹುದು. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ ನಗರದ ಮೈದಾನದಲ್ಲಿ ಏಡ್ಸ್‌ನಿಂದ ಸತ್ತವರ ಹೆಸರಿನಲ್ಲಿ 1,920 ಹೊಲಿದ ಬಟ್ಟೆಗಳನ್ನು ಹಾಸಿದ್ದರು. ಒಂದೊಂದೂ 3 ಅಡಿ ಅಗಲ, 6 ಅಡಿ ಉದ್ದ. ಅಂದರೆ ಒಂದು ಗೋರಿಯಷ್ಟು ಜಾಗ. ಆ ರೋಗದ ಹೆಸರು ಹೇಳಲೂ ಜನ ಹೆದರುತ್ತಿದ್ದ ಕಾಲ. ಸತ್ತವರ ಅಂಗಿ, ಪ್ಯಾಂಟುಗಳನ್ನೇ ಅವುಗಳಿಗೆ ಹೊಲಿದವರಿದ್ದರು.

ಟೈಲರ್ ಅಕ್ಕನಿಗೆ ಈ ಕಥೆ ಕೇಳಿ ಆಶ್ಚರ್ಯವೇನೂ ಆಗಲಿಲ್ಲ. ಅವರು ಮುಳಬಾಗಿಲು ಕಡೆಯ ಹೆಣ್ಣುಮಗಳು. ತೆಲುಗಿನಲ್ಲಿ ಬೊಂತ, ಕನ್ನಡದಲ್ಲಿ ಬೊಂತೆ. ಅವರ ಅತ್ತೆ ಹಳೇ ಸೀರೆಗಳನ್ನು ಪದರ ಪದರ ಇಟ್ಟು ಹೊಲಿಯುತ್ತಿದ್ದರಂತೆ. "ಯಾರ ಸೀರೆ ಎಲ್ಲೈತೆ ಅಂತ ಬೆಳ್ಳಿಟ್ಟು ಹೇಳೋರು. ಇದು ನಮ್ಮಮ್ಮಂದು, ಇದು ಸತ್ತೋದ ನಾದಿನೀದು ಅಂತ. ಅಮೆರಿಕದಾಗೆ ಹೇಳ್ಕೊಡಬೇಕಾ ಇದನ್ನ?"

ಧಾರವಾಡ, ಬೆಳಗಾವಿ ಕಡೆ ಇದೇ ಕೌದಿ. ಹಳೇ ಸೀರೆ, ಧೋತರ ಒಂದರ ಮೇಲೊಂದು ಹಾಸಿ, ಸಣ್ಣ ಹೊಲಿಗೆಯಲ್ಲಿ ಸಾಲು ಸಾಲಾಗಿ ಹಿಡಿಯುತ್ತಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕವಂದಿ ಇನ್ನೂ ಬೇರೆ ಥರ. ಅವರು ಒಂದು ಮೂಲೆಯಿಂದ ಹಿಡಿದು, ಅಂಚಿನ ಗುಂಟ ಸುತ್ತು ಹಾಕುತ್ತಾ, ತುಂಡು ಇಡುತ್ತಾ ಹೊಲಿಯುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಹೂವಿನಂತೆ ಮಡಿಸಿದ ಸಣ್ಣ ತುಂಡು ಇಡದಿದ್ದರೆ ಹೊದಿಕೆ ಬತ್ತಲೆ ಇದ್ದಂತೆ ಎಂಬುದು ಅವರ ಮಾತು. ಈ ಕವಂದಿಗಳು 2011ರಲ್ಲಿ ನ್ಯೂಯಾರ್ಕಿನ ಷಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ನಮ್ಮ ಕಾಡಿನ ಹೆಂಗಸರ ಹೊಲಿಗೆ ಅಷ್ಟು ದೂರ ಹೋಗಿ ಬಂತು, ಇಲ್ಲಿ ಎಷ್ಟು ಜನ ನೋಡಿದ್ದೇವೆ ಹೇಳಿ?

ಇನ್ನೂ ಹಿಂದಕ್ಕೆ ಹೋದರೆ ಹನ್ನೆರಡನೇ ಶತಮಾನದ ಶರಣೆ ಬೊಂತಾದೇವಿ. ಕಾಶ್ಮೀರದ ರಾಜಮನೆತನ ಬಿಟ್ಟು ಕಲ್ಯಾಣಕ್ಕೆ ಬಂದವಳೆಂದು ಐತಿಹ್ಯ. ಮೈ ಮೇಲಿನ ಬೊಂತೆಯಿಂದಲೇ ಆಕೆಗೆ ಆ ಹೆಸರು ಬಂತು.

ಅದಿರಲಿ. ವಿಷಯಕ್ಕೆ ಬರೋಣ.

ಬನಿಯನ್ ಬಟ್ಟೆಯ ಗುಣ

ಮೊದಲನೇ ದಿನ ಹುಡುಗಿ ಕತ್ತರಿ ಹಿಡಿದಳು, ಕತ್ತರಿಸಲಿಲ್ಲ. ಅರ್ಧ ಗಂಟೆ ಹಾಗೇ ಕೂತಳಂತೆ. ಅಕ್ಕ ಏನೂ ಅನ್ನದೆ ಕಾಫಿ ಕೊಟ್ಟು ಕಳಿಸಿದರು. ಎರಡನೇ ದಿನವೂ ಅದೇ ಕಥೆ. ಮೂರನೇ ದಿನ ಅಕ್ಕನೇ ಉಪಾಯ ಹೇಳಿದರು. "ಚುನಾವಣೇದು ಮೊದ್ಲು ಕತ್ರಿಸು. ಅದಕ್ಕೆ ಹೊಟ್ಟೆ ಉರಿಯಾಕಿಲ್ಲ." ಹುಡುಗಿ ನಕ್ಕಳು. ನಕ್ಕ ಕೈ ಕತ್ತರಿ ಆಡಿಸಿತು. ಹೊಸಬರಿಗೆ ಕಲಿಸುವುದು ಎಂದರೆ ಹೀಗೆ ಎಂದು ನಮಗನ್ನಿಸಿತು.

ಇನ್ನು ಬಟ್ಟೆಯ ಮಾತು. ಸೀರೆ, ಪಂಚೆ ನೇಯ್ದ ಬಟ್ಟೆ. ಹಾಸು ಹೊಕ್ಕು ಎರಡೂ ಬಿಗಿ. ಟೀ ಶರ್ಟು ಹಾಗಲ್ಲ, ಬನೀನಿನ ಹಾಗೆ ಕುಣಿಕೆ ಕುಣಿಕೆಯಾಗಿ ಹೆಣೆದದ್ದು. ಎಳೆದರೆ ಬರುತ್ತದೆ, ಕತ್ತರಿಸಿದರೆ ಅಂಚು ಸುರುಳಿ ಸುತ್ತುತ್ತದೆ. ಚೌಕ ಅಂದುಕೊಂಡು ಹೊಲಿದದ್ದು ಒಂದು ಸಾಲು ಮುಗಿಯುವಷ್ಟರಲ್ಲಿ ಬಾಳೆ ಎಲೆ ಆಕಾರಕ್ಕೆ ಬರುತ್ತದೆ. ಬೊಂತೆಯಲ್ಲಿ ಪಳಗಿದ ಕೈಯೂ ಇಲ್ಲಿ ಎಡವುತ್ತದೆ. ಅಕ್ಕನೇ ಮೊದಲು ಒಂದು ಹಳೇ ಬನೀನಿನ ಮೇಲೆ ಪರೀಕ್ಷೆ ಮಾಡಿ ನೋಡಿದರಂತೆ.

ಇದಕ್ಕೆ ಮದ್ದು ಕಾಲರಿಗೆ ಅಂಟಿಸುವ ಪೇಸ್ಟಿಂಗ್ ಬಟ್ಟೆ. ತೆಳುವಾದದ್ದು, ಒಂದೇ ಕಡೆ ಗೋಂದು ಇರುವಂಥದ್ದು. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಟೀ ಶರ್ಟನ್ನು ಮೊದಲು ಒಗೆದು ಒಣಗಿಸಬೇಕು. ಘಮಘಮ ನೀರಿನಲ್ಲಿ ಅದ್ದಬಾರದು, ಅದ್ದಿದರೆ ಗೋಂದು ಹಿಡಿಯುವುದಿಲ್ಲ. ಬಗಲಿನ ಹೊಲಿಗೆ ಬಿಡಿಸಿ ಎದೆ ಬೇರೆ, ಬೆನ್ನು ಬೇರೆ ಮಾಡಿ, 15 ಇಂಚಿನ ಒರಟು ಚೌಕ ಕತ್ತರಿಸಿ, ಬೋರಲು ಹಾಕಿ, ಅದರ ಮೇಲೆ ಗೋಂದಿನ ಮೈ ಕೆಳಗೆ ಬರುವಂತೆ ಪೇಸ್ಟಿಂಗ್ ಇಟ್ಟು, ಮೇಲೊಂದು ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಬೇಕು. ಉಜ್ಜಬಾರದು. ಒತ್ತಿ, ಹತ್ತು ಹದಿನೈದು ಎಣಿಸಿ, ಎತ್ತಿ, ಪಕ್ಕಕ್ಕೆ ಇಡಬೇಕು. ಉಜ್ಜಿದಿರೋ, ಬಟ್ಟೆ ಎಳೆದುಕೊಂಡು ಹಾಗೇ ಅಂಟಿಬಿಡುತ್ತದೆ.

ಆಮೇಲೆ ಅಳತೆ ಹಿಡಿದು ಸರಿಯಾಗಿ 14 ಇಂಚಿಗೆ ಕತ್ತರಿಸಬೇಕು. ಮೊದಲೇ 14ಕ್ಕೆ ಕತ್ತರಿಸಿ ಆಮೇಲೆ ಅಂಟಿಸಿದವರ ಪಾಡು ಹೇಳತೀರದು.

ಎದೆ ಮೇಲಿನ ರಬ್ಬರ್ ಅಚ್ಚಿಗೆ ನೇರವಾಗಿ ಇಸ್ತ್ರಿ ಇಟ್ಟರೆ ಅಚ್ಚು ಇಸ್ತ್ರಿಗೆ ಅಂಟುತ್ತದೆ, ಅಪ್ಪನ ಕಂಪನಿ ಹೆಸರು ಪಕ್ಕದ ಮನೆಯವರ ಬಿಳಿ ಷರ್ಟಿನ ಮೇಲೆ ಮೂಡುತ್ತದೆ. ಫುಟ್‌ಬಾಲಿನ ಜಾರು ಬಟ್ಟೆ ಪಾಲಿಯೆಸ್ಟರು. ಅದಕ್ಕೆ ಬಿಸಿ ತಗ್ಗಿಸಬೇಕು, ಇಲ್ಲವಾದರೆ ಕರಗಿ ಹೋಗುತ್ತದೆ.

ಲೆಕ್ಕ ಹೀಗಾಯಿತು. 14 ಇಂಚಿನ ಚೌಕದಲ್ಲಿ ಸುತ್ತ ಅರ್ಧರ್ಧ ಇಂಚು ಹೊಲಿಗೆಗೆ ಹೋದರೆ ಕಣ್ಣಿಗೆ ಉಳಿಯುವುದು 13. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಐದು, ಒಟ್ಟು ಇಪ್ಪತ್ತು ಚೌಕ. 52 ಇಂಚು ಅಗಲ, 65 ಇಂಚು ಉದ್ದ. ಸುತ್ತಲೂ ಅಪ್ಪನ ಚೌಕುಳಿ ಲುಂಗಿಯಿಂದ 4 ಇಂಚಿನ ಅಂಚು. ಆಗ 60ಕ್ಕೆ 73. ಐದಡಿ ಅಗಲ, ಆರಡಿಯ ಮೇಲೊಂದು ಇಂಚು ಉದ್ದ. ಒಬ್ಬರು ಧಾರಾಳವಾಗಿ ಹೊದ್ದುಕೊಳ್ಳಬಹುದು. ಪೇಸ್ಟಿಂಗ್ 36 ಇಂಚು ಪನ್ನದ್ದಾದರೆ ನಾಲ್ಕು ಮೀಟರ್ ಸಾಕು.

ಒಳಗಿನ ಪದರಕ್ಕೂ ಅಡಿ ಬಟ್ಟೆಗೂ ಅಮ್ಮನ ಎರಡು ಹಳೇ ಹತ್ತಿ ಸೀರೆ. ಒಂದೊಂದು ಸೀರೆಯನ್ನೂ 77 ಇಂಚಿನ ಎರಡು ತುಂಡು ಮಾಡಿ ಪಕ್ಕಕ್ಕೆ ಪಕ್ಕ ಸೇರಿಸಿದರೆ ಆಗಿಹೋಯಿತು. ಕೊಂಡದ್ದು ಪೇಸ್ಟಿಂಗ್, ದಾರ, ಸೂಜಿ ಅಷ್ಟೇ.

ಸೂಜಿಯೂ ಬೇರೆ. ಮಾಮೂಲಿ ಮಿಷನ್ ಸೂಜಿಯ ಮೊನೆ ಹೆಣಿಗೆಯ ಕುಣಿಕೆಯನ್ನೇ ಚುಚ್ಚಿ ಕತ್ತರಿಸುತ್ತದೆ, ಹೊಲಿಗೆಯೂ ತಪ್ಪಿ ತಪ್ಪಿ ಬೀಳುತ್ತದೆ. ಬಾಲ್ ಪಾಯಿಂಟ್ ಸೂಜಿ ಕೇಳಿ ತರಬೇಕು. ಅದರ ಮೊನೆ ದುಂಡಗೆ, ಕುಣಿಕೆಯನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗುತ್ತದೆ.

"ಅಕ್ಕಾ, ಬಟ್ಟೆ ಮುಂದಕ್ಕೆ ಹೋಗ್ತಾನೇ ಇಲ್ಲ, ಎಳೀಲಾ?"

"ಎಳೀಬ್ಯಾಡ. ಮಿಷನ್ನೇ ಎಳ್ಕಂತದೆ. ನೀನು ದಾರಿ ತೋರ್ಸು, ನೂಕಬ್ಯಾಡ."

ಮೊದಲು ನಾಲ್ಕು ನಾಲ್ಕು ಸೇರಿಸಿ ಐದು ಸಾಲು. ಆಮೇಲೆ ಸಾಲಿಗೆ ಸಾಲು. ನಾಲ್ಕು ಚೌಕ ಸೇರುವ ಮೂಲೆಯಲ್ಲಿ ಗುಂಡುಪಿನ್ನು ಚುಚ್ಚಿಯೇ ಹೊಲಿಯಬೇಕು. ಈ ಹುಡುಗಿಯದು ಎರಡು ಮೂಲೆ ಕೂಡಿಲ್ಲ, ಕಾಲಿಂಚು ಆಚೀಚೆ ಆಗಿದೆ. ಬಿಚ್ಚಲಾ ಎಂದು ಕೇಳಿದಳು. ಅಕ್ಕ ಬೇಡ ಎಂದರು. ಹೆಣಿಗೆ ಬಟ್ಟೆ ಬಿಚ್ಚಿದಷ್ಟೂ ಹಾಳು.

ಯಾವುದು ಎಲ್ಲಿ ಎಂಬುದಕ್ಕೆ ಒಂದು ಸಂಜೆ ಪೂರ್ತಿ ಹೋಯಿತು. ನೆಲದ ಮೇಲೆ ಹಾಸಿ ಹಾಸಿ ನೋಡಿದರು. ಹುಡುಗಿ ಕಂಪನಿಗಳನ್ನು ವರ್ಷದ ಪ್ರಕಾರ ಸಾಲಾಗಿ ಇಡಬೇಕೆಂದಳು. ಅಕ್ಕ ಬಣ್ಣ ನೋಡು ಎಂದರು. ಮಗಳ ಮಾತೇ ನಡೆಯಿತು. ಸ್ಕೂಲಿನ ಟೀ ಶರ್ಟು ಎದೆ ಬರುವ ಜಾಗಕ್ಕೆ. ಚುನಾವಣೆಯದು ಎಲ್ಲಿ? "ಕಾಲ ಕಡೆ ಹಾಕು" ಎಂದರು ಅಕ್ಕ. ಹಾಗೇ ಹಾಕಿದ್ದಾರೆ. ಯಾವ ಪಾರ್ಟಿ ಎಂದು ನಾವು ಬರೆಯುವುದಿಲ್ಲ, ಅಂಗಡಿಯವರು ಎಲ್ಲ ಪಾರ್ಟಿಯವರಿಗೂ ಸಾಮಾನು ಮಾರಬೇಕು.

ಮಾವನ ತಕರಾರು

ಅರ್ಧ ಕೆಲಸ ಆಗಿತ್ತು. ಹುಡುಗಿಯ ಸೋದರಮಾವ ಬಂದರು. ನೋಡಿದರು. ಸಿಟ್ಟಿಗೆದ್ದರು. ಸತ್ತವರ ಬಟ್ಟೆ ಮನೆಯಲ್ಲಿ ಇಟ್ಟುಕೊಳ್ಳಬಾರದು, ನೀರಿಗೆ ಬಿಡಬೇಕು, ಇಲ್ಲ ದಾನ ಕೊಡಬೇಕು. ಎರಡು ವರ್ಷ ಇಟ್ಟುಕೊಂಡದ್ದೇ ತಪ್ಪು, ಈಗ ಹೊದ್ದುಕೊಂಡು ಮಲಗುತ್ತೀರಾ? ನನ್ನ ತಂಗಿಗೆ ನಿದ್ದೆ ಬರುತ್ತದಾ?

ಮಾವನ ಮಾತನ್ನು ಹಾರಿಸಿಬಿಡುವುದು ಸುಲಭ. ನಾವು ಹಾರಿಸುವುದಿಲ್ಲ. ಆ ಪದ್ಧತಿಗೆ ಅದರದೇ ಕಾರಣ ಇದೆ. ಬಟ್ಟೆ ಕಣ್ಣ ಮುಂದೆ ಇದ್ದರೆ ದುಃಖ ಹಳೆಯದಾಗುವುದಿಲ್ಲ ಎಂದು ಹಿರಿಯರು ಕಂಡಿದ್ದರು. ಅಂಟುರೋಗದ ಕಾಲದಲ್ಲಿ ಅದರಿಂದ ಜೀವ ಉಳಿದದ್ದೂ ಉಂಟು. ಆದರೆ ಕೂಸನ್ನು ಅಜ್ಜಿಯ ಹಳೇ ಸೀರೆಯಲ್ಲಿ ಸುತ್ತುವವರೂ ಅದೇ ಹಿರಿಯರೇ. ಅಜ್ಜಿ ಇದ್ದಾಳೋ ಹೋದಳೋ ಎಂದು ಆಗ ಯಾರೂ ಕೇಳುವುದಿಲ್ಲ.

ಟೈಲರ್ ಅಕ್ಕ ಇಷ್ಟೆಲ್ಲ ಹೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದರಂತೆ. "ಅಣ್ಣಾ, ಅವರ ಸೈಕಲ್ಲು ಯಾರು ಓಡಿಸ್ತಾವ್ರೆ ಈಗ?"

ಓಡಿಸುತ್ತಿದ್ದವರು ಮಾವನೇ. ಅವರು ಕಾಫಿ ಕುಡಿದು ಹೋದರು. ಒಪ್ಪಿದರು ಎಂದಲ್ಲ. ಈಗಲೂ ಆ ಹೊದಿಕೆ ಹಾಸಿದ ಮಂಚದ ಮೇಲೆ ಕೂರುವುದಿಲ್ಲವಂತೆ.

ಇಪ್ಪತ್ತನೇ ಚೌಕ

ನಿಜವಾದ ಕಷ್ಟ ಮಾವನದಲ್ಲ, ಅಮ್ಮನದು.

ಹದಿಮೂರು ಟೀ ಶರ್ಟಿನಲ್ಲಿ ಏಳಕ್ಕೆ ಬೆನ್ನ ಮೇಲೂ ಅಚ್ಚು ಇತ್ತು. ಎದೆ ಹದಿಮೂರು, ಬೆನ್ನು ಏಳು, ಒಟ್ಟು ಇಪ್ಪತ್ತು. ಲೆಕ್ಕ ಅಚ್ಚುಕಟ್ಟು. ಆದರೆ ಒಗೆಯಲು ಹಾಕುವಾಗ ಬಿಳಿ ಕಾಲರ್ ಟೀ ಶರ್ಟು ಗಂಟಿನಲ್ಲಿರಲಿಲ್ಲ. ಅಮ್ಮ ಎತ್ತಿಟ್ಟಿದ್ದರು. ಆಸ್ಪತ್ರೆಗೆ ಹೋಗುವ ದಿನ ಬಿಚ್ಚಿಟ್ಟು ಹೋದದ್ದು ಅದು. ಅಲ್ಲಿಂದೀಚೆಗೆ ನೀರು ಕಂಡಿಲ್ಲ.

"ಅಮ್ಮಾ, ಒಗೀದೆ ಅಂಟಲ್ಲ ಅಮ್ಮಾ."

"ಅದು ಬೇಡ ಕಣ್ಣು. ಅದಿರ್ಲಿ."

ಅಷ್ಟೇ ಮಾತು. ಮಗಳು ಎರಡನೇ ಸಲ ಕೇಳಲಿಲ್ಲ. ಕೇಳಿದ್ದರೆ ನಾವು ಈ ಬರಹ ಬರೆಯುತ್ತಿರಲಿಲ್ಲವೇನೋ.

ಹತ್ತೊಂಬತ್ತು ಚೌಕಕ್ಕೆ ಯಾವ ಲೆಕ್ಕವೂ ಕೂಡುವುದಿಲ್ಲ. ಹುಡುಗಿ ಗೋವಾದ ತೋಳು ಕತ್ತರಿಸಿ ಜೋಡಿಸಲಾ ಎಂದಳು. ಸಾಲದು. ಅಂಗಡಿಯಿಂದ ಹೊಸ ಬಟ್ಟೆ ತರಲಾ ಎಂದಳು. ಅಕ್ಕನಿಗೆ ಹಿಡಿಸಲಿಲ್ಲ. ಎರಡು ದಿನ ಕೆಲಸ ನಿಂತಿತು. ಮೂರನೇ ದಿನ ಅಕ್ಕ ಅಮ್ಮನ ಸೀರೆಯಲ್ಲಿ ಉಳಿದ ತುಂಡು ತೆಗೆದು 14 ಇಂಚಿನ ಎರಡು ಚೌಕ ಕತ್ತರಿಸಿ ಕೊಟ್ಟರು. ಒಂದು ಎಲ್ಲದರಂತೆ ಕೂಡಿಸಬೇಕು. ಇನ್ನೊಂದರ ಮೇಲಂಚು ಮಡಿಸಿ ಹೊಲಿದು, ಮೊದಲನೆಯದರ ಮೇಲಿಟ್ಟು, ಎಡ, ಬಲ, ಕೆಳಗೆ ಮೂರೇ ಕಡೆ ಹಿಡಿಯಬೇಕು. ಮೇಲೆ ಬಾಯಿ ಬಿಡಬೇಕು. ಅಂದರೆ ಜೇಬು.

"ಅಮ್ಮನಿಗೆ ಯಾವಾಗ ಬೇಕೋ ಆವಾಗ ಇಟ್ಕಳ್ಳಿ. ಇಡದಿದ್ರೂ ಇರ್ಲಿ. ನೀನೇನೂ ಕೇಳಬ್ಯಾಡ."

ಕೊನೆಯ ಕೆಲಸ ಕೈ ಹೊಲಿಗೆ. ಅಡಿ ಸೀರೆಯನ್ನು ನೆಲದ ಮೇಲೆ ಬಿಗಿಯಾಗಿ ಹರಡಿ ಅಂಚಿಗೆ ಟೇಪು ಅಂಟಿಸಿ, ಅದರ ಮೇಲೆ ಒಳ ಸೀರೆ, ಅದರ ಮೇಲೆ ಚೌಕಗಳು. ಗೇಣಿಗೊಂದು ಸೇಫ್ಟಿ ಪಿನ್ನು. ಇಲ್ಲಿ ಸಿದ್ದಿಯರ ಕ್ರಮಕ್ಕೆ ಉಲ್ಟಾ, ನಡುವಿನಿಂದ ಶುರು ಮಾಡಿ ಅಂಚಿನ ಕಡೆ ಹೋಗಬೇಕು. ಅವರು ತುಂಡು ಇಡುತ್ತಾ ಹೋಗುವುದರಿಂದ ಸುಕ್ಕನ್ನು ಅಲ್ಲಲ್ಲೇ ನುಂಗಿಸಿಬಿಡುತ್ತಾರೆ. ಇಲ್ಲಿ ಮೇಲು ಮೈ ಆಗಲೇ ತಯಾರಾಗಿದೆ, ಸುಕ್ಕನ್ನು ಹೊರಕ್ಕೆ ತಳ್ಳದೆ ದಾರಿಯಿಲ್ಲ. ರಬ್ಬರ್ ಅಚ್ಚಿನ ಮೇಲೆ ಸೂಜಿ ಹಾಕಬಾರದು. ಒಂದು ಸಲ ತೂತಾದರೆ ಮುಚ್ಚುವುದಿಲ್ಲ. ಅಕ್ಷರದ ಸುತ್ತ ಸುತ್ತಿಕೊಂಡು ಹೋಗಬೇಕು. ಜೇಬಿನ ಚೌಕದಲ್ಲಿ ಹಿಂದಿನ ಬಟ್ಟೆಯನ್ನು ಮಾತ್ರ ಹಿಡಿಯಬೇಕು, ಮುಂದಿನದೂ ಸೇರಿತೋ ಬಾಯಿ ಮುಚ್ಚಿಹೋಗುತ್ತದೆ.

ಹುಡುಗಿ ಕೆಲಸದಿಂದ ಬಂದ ಮೇಲೆ ದಿನಾ ಒಂದು ಗಂಟೆ, ಭಾನುವಾರ ಮಧ್ಯಾಹ್ನ ಪೂರ್ತಿ. ಎರಡು ತಿಂಗಳ ಮೇಲಾಯಿತು. ಕೊನೆಕೊನೆಗೆ ಅಮ್ಮನೂ ಬಂದು ಕೂರತೊಡಗಿದರು. ಮೊದಲು ದಾರ ಪೋಣಿಸಿ ಕೊಟ್ಟರು. ಆಮೇಲೆ ಒಂದು ಸೂಜಿ ತಾವೇ ತೆಗೆದುಕೊಂಡರು. ರಕ್ತದಾನದ ಚೌಕದ ಸುತ್ತ ಇರುವ ಹೊಲಿಗೆ ಅವರದು, ಮಗಳದಕ್ಕಿಂತ ನೇರವಾಗಿದೆ.

ನಾವು ಹೋದಾಗ ಹೊದಿಕೆ ಮಂಚದ ಮೇಲಿತ್ತು. ಜೇಬಿನೊಳಗೆ ಕೈ ಹಾಕಿ ನೋಡುವುದು ಸಭ್ಯತೆಯಲ್ಲ, ನೋಡಲಿಲ್ಲ. ಮೇಲಿನಿಂದ ನೋಡಿದರೆ ಚಪ್ಪಟೆಯಾಗಿಯೇ ಇತ್ತು. ಒಗೆಯುವ ಮುಂಚೆ ಒಳಗೇನಾದರೂ ಇದ್ದರೆ ತೆಗೆದಿಡಬೇಕೆಂದು ಅಕ್ಕ ಮಗಳಿಗೆ ಎರಡು ಸಲ ಹೇಳಿದ್ದಾರಂತೆ. ತಣ್ಣೀರಿನಲ್ಲಿ ಒಗೆಯಬೇಕು, ಹಿಂಡಬಾರದು, ಬೋರಲಾಗಿ ನೆರಳಿನಲ್ಲಿ ಹರವಬೇಕು. ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಎದ್ದ ದಿನ ಹೊರಗೆ ಹಾಕಲೇಬಾರದು. ಈ ಕೊನೆಯ ಮಾತನ್ನು ಹೇಳಿದವರು ಅಮ್ಮ.